ಜ್ವರ ಬಿಟ್ಟರೂ ಎಚ್ಚರ ಬಿಡಬೇಡಿ: ರಕ್ತ ಪರೀಕ್ಷೆಯ ಚೀಟಿ ಓದುವ ಪಾಠ



ಮಳೆಗಾಲ ಶುರುವಾದರೆ ಸಾಕು, ರಾಜಾಜಿನಗರದಿಂದ ಕೆಂಗೇರಿಯವರೆಗೆ ನಾವು ಯಾವ ಸಂಘದ ಸಭೆಗೆ ಹೋದರೂ ನಾಲ್ಕೈದು ಸದಸ್ಯರು ಗೈರುಹಾಜರಿ. ಕಾರಣ ಕೇಳಿದರೆ "ಜ್ವರ ಸಿಸ್ಟರ್" ಅನ್ನುತ್ತಾರೆ. ಸಭೆ ಮುಗಿದ ಮೇಲೆ ಯಾರಾದರೂ ಒಬ್ಬರು ಲ್ಯಾಬ್‌ನ ಚೀಟಿ ಹಿಡಿದುಕೊಂಡು ಬಂದು, "ಇದರಲ್ಲಿ ಏನು ಬರೆದಿದ್ದಾರೆ, ಸ್ವಲ್ಪ ನೋಡಿ ಹೇಳಿ" ಎಂದು ಕೇಳುವುದು ಮಾಮೂಲು. ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷೆ. ಆದರೆ ಅದರಲ್ಲಿ ಏನಿದೆ ಎಂದು ಯಾರೂ ಬಿಡಿಸಿ ಹೇಳಿರುವುದಿಲ್ಲ.

ನಾವು ವೈದ್ಯರಲ್ಲ, ಸಮಾಜ ಕಾರ್ಯಕರ್ತರು. ಈ ಪಾಠ ಓದಿ ನೀವೂ ವೈದ್ಯರಾಗುವುದಿಲ್ಲ. ಆದರೆ ಯಾವಾಗ ಚೀಟಿ ಹಿಡಿದು ಆಸ್ಪತ್ರೆಗೆ ಓಡಬೇಕು, ಯಾವ ಅಂಕಿ ನೋಡಿ ಸುಮ್ಮನೆ ಹೆದರಬಾರದು, ಇಷ್ಟು ಗೊತ್ತಾದರೂ ಒಂದು ಜೀವ ಉಳಿಯಬಹುದು, ಒಂದು ಸಾಲ ತಪ್ಪಬಹುದು. ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ, ತಪ್ಪು ಮಾಡಿಯೂ ಕಲಿತೆವು. ಮೊದಲು ಆ ತಪ್ಪನ್ನೇ ಹೇಳುತ್ತೇವೆ.

ಒಬ್ಬ ಸಹೋದರಿಯ ಎರಡು ಚೀಟಿಗಳು

ನಮ್ಮ ಸಂಘದ ಸದಸ್ಯೆಯೊಬ್ಬರು ಕೆಂಗೇರಿ ಕಡೆಯವರು. ವಿಜಯನಗರದಲ್ಲಿ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಜ್ವರ ಬಂದ ಎರಡನೇ ದಿನ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 9.8, ಪಿಸಿವಿ 30, ಬಿಳಿ ಕಣ 3,200, ಪ್ಲೇಟ್‌ಲೆಟ್ 1 ಲಕ್ಷ 60 ಸಾವಿರ. ಡೆಂಗಿ ಎಂದು ಗೊತ್ತಾಯಿತು. ಮಾತ್ರೆ ತಗೊಂಡು ಮನೆಯಲ್ಲೇ ಇದ್ದರು.

ಐದನೇ ದಿನ ಬೆಳಿಗ್ಗೆ ಜ್ವರ ಪೂರ್ತಿ ಬಿಟ್ಟಿತು. ಮತ್ತೆ ಪರೀಕ್ಷೆ ಮಾಡಿಸಿದರು. ನಾವು ಮನೆಗೆ ಹೋದಾಗ ಮಗಳು ಖುಷಿಯಿಂದ ಚೀಟಿ ತೋರಿಸಿದಳು. "ನೋಡಿ ಸಿಸ್ಟರ್, ಅಮ್ಮಂಗೆ ರಕ್ತ ಜಾಸ್ತಿ ಆಗಿದೆ. ಒಂಬತ್ತು ಇದ್ದದ್ದು ಹನ್ನೆರಡೂವರೆ ಆಗಿದೆ. ದಾಳಿಂಬೆ ಜ್ಯೂಸ್ ಕೊಟ್ಟಿದ್ದು ಹಿಡೀತು." ಪ್ಲೇಟ್‌ಲೆಟ್ 92 ಸಾವಿರ ಇತ್ತು. ನಾವು ಕೇಳಿದ್ದ ಭಯದ ಅಂಕಿಗಳ ಮುಂದೆ ಅದೇನೂ ಕಡಿಮೆ ಅನ್ನಿಸಲಿಲ್ಲ. ತಾಯಿ ಗೋಡೆಗೆ ಒರಗಿ ಕೂತಿದ್ದರು. "ಹೊಟ್ಟೆ ಒಂಥರಾ ನೋವು, ಎರಡು ಸಲ ವಾಂತಿ ಆಯ್ತು, ಖಾಲಿ ಹೊಟ್ಟೆಗೆ ಇರಬೇಕು. ನಾಳೆ ಕೆಲಸಕ್ಕೆ ಹೋಗ್ತೀನಿ, ಇಲ್ಲಾಂದ್ರೆ ಬೇರೆಯವರನ್ನ ಇಟ್ಕೋತಾರೆ" ಅಂದರು. ನಾವೂ ತಲೆಯಾಡಿಸಿ, "ರೆಸ್ಟ್ ತಗೊಳ್ಳಿ ಅಮ್ಮ" ಎಂದು ಹೇಳಿ ಬಂದೆವು.

ಸಂಜೆ ವಾಂತಿ ಹೆಚ್ಚಾಗಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡ್ಯೂಟಿ ಡಾಕ್ಟರು ಎರಡೂ ಚೀಟಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರಂತೆ. ಪಿಸಿವಿ 30 ಇದ್ದದ್ದು 38 ಆಗಿತ್ತು. ಕೂಡಲೇ ದಾಖಲು ಮಾಡಿಕೊಂಡು ಅಳತೆಯಲ್ಲಿ ಸಲೈನ್ ಹಾಕಿ, ಎರಡು ದಿನ ಬಿಪಿ, ಮೂತ್ರ, ಪಿಸಿವಿ ಎಲ್ಲವನ್ನೂ ಮತ್ತೆ ಮತ್ತೆ ನೋಡಿದರು. ಆರನೇ ದಿನ ಪ್ಲೇಟ್‌ಲೆಟ್ 40 ಸಾವಿರಕ್ಕೆ ಇಳಿಯಿತು. ಆದರೂ ಪ್ಲೇಟ್‌ಲೆಟ್ ಹಾಕಲಿಲ್ಲ, ಅದರ ಅಗತ್ಯವೇ ಬರಲಿಲ್ಲ. ಒಂಬತ್ತನೇ ದಿನ ಆ ತಾಯಿ ನಡೆದುಕೊಂಡೇ ಮನೆಗೆ ಬಂದರು.

ನಾವು "ಒಳ್ಳೆಯದಾಯಿತು" ಎಂದುಕೊಂಡ ಅಂಕಿಯೇ ಅಪಾಯದ ಅಂಕಿಯಾಗಿತ್ತು. ಅದು ಹೇಗೆ ಅನ್ನುವುದೇ ಈ ಪಾಠ.

1. ಹೆಸರು ಹೇಳುವ ಪರೀಕ್ಷೆ ಬೇರೆ, ಸ್ಥಿತಿ ಹೇಳುವ ಪರೀಕ್ಷೆ ಬೇರೆ

ವೈರಸ್ ಯಾವುದು ಎಂದು ಹೇಳುವ ಪರೀಕ್ಷೆಗಳು ಒಂದು ಬಗೆ. ಡೆಂಗಿಗೆ ಮೊದಲ ಐದು ದಿನಗಳಲ್ಲಿ ಎನ್‌ಎಸ್-1 ಪರೀಕ್ಷೆ, ಐದನೇ ದಿನದ ನಂತರ ಐಜಿಎಂ ಪರೀಕ್ಷೆ ಮಾಡುತ್ತಾರೆ. ಬೇಗ ಐಜಿಎಂ ಮಾಡಿಸಿದರೆ, ಅಥವಾ ತಡವಾಗಿ ಎನ್‌ಎಸ್-1 ಮಾಡಿಸಿದರೆ, ಕಾಯಿಲೆ ಇದ್ದರೂ "ಇಲ್ಲ" ಎಂದು ಬರಬಹುದು. ಆದ್ದರಿಂದ ಜ್ವರ ಯಾವ ದಿನ ಶುರುವಾಯಿತು ಎಂದು ವೈದ್ಯರಿಗೆ ಸರಿಯಾಗಿ ಹೇಳಬೇಕು.

ಇನ್ನೊಂದು ಬಗೆ ನಮಗೆಲ್ಲ ಗೊತ್ತಿರುವ ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆ. ಇದು ಸಾಮಾನ್ಯ ಪರೀಕ್ಷೆ, ಖರ್ಚೂ ಕಡಿಮೆ. ಇದು ವೈರಸ್‌ನ ಹೆಸರು ಹೇಳುವುದಿಲ್ಲ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡುಬಂದ ಮಂಗನ ಕಾಯಿಲೆಯಲ್ಲೂ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ, ಡೆಂಗಿಯಲ್ಲೂ ಇಳಿಯುತ್ತವೆ. ಮಲೇರಿಯಾ, ಇಲಿಜ್ವರಗಳಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು, ಅವು ವೈರಸ್ ಕಾಯಿಲೆಗಳೇ ಅಲ್ಲ. ಹಾಗಾದರೆ ಸಿಬಿಸಿ ಯಾಕೆ? ಕಾಯಿಲೆಯನ್ನು ದೇಹ ಹೇಗೆ ತಡೆದುಕೊಳ್ಳುತ್ತಿದೆ, ದಿನದಿಂದ ದಿನಕ್ಕೆ ಏನಾಗುತ್ತಿದೆ ಎಂದು ಅದು ತೋರಿಸುತ್ತದೆ.

2. ಬಿಳಿ ರಕ್ತಕಣ

ಚೀಟಿಯಲ್ಲಿ ಇದನ್ನು ಟಿಸಿ ಅಥವಾ ಡಬ್ಲ್ಯೂಬಿಸಿ ಎಂದು ಬರೆಯುತ್ತಾರೆ. ದೊಡ್ಡವರಲ್ಲಿ ಸುಮಾರು 4,000ದಿಂದ 11,000 ಇರುವುದು ಸಾಮಾನ್ಯ. ಡೆಂಗಿಯಂಥ ವೈರಸ್ ಜ್ವರದಲ್ಲಿ ಪ್ಲೇಟ್‌ಲೆಟ್‌ಗಿಂತ ಮೊದಲು ಬಿಳಿ ಕಣ ಇಳಿಯುವುದೇ ಹೆಚ್ಚು. ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಸಾಮಾನ್ಯವಾಗಿ ಏರುತ್ತದೆ, ಅದರಲ್ಲೂ ನ್ಯೂಟ್ರೋಫಿಲ್ ಎಂಬ ಬಗೆ. ಆದರೆ ಇದು ಕಲ್ಲಿನ ಮೇಲೆ ಬರೆದ ನಿಯಮ ಅಲ್ಲ. ಟೈಫಾಯ್ಡ್ ಬ್ಯಾಕ್ಟೀರಿಯಾದ ಕಾಯಿಲೆ, ಆದರೂ ಅದರಲ್ಲಿ ಬಿಳಿ ಕಣ ಕಡಿಮೆ ಇರಬಹುದು. ಸ್ಟೀರಾಯ್ಡ್ ಔಷಧಿ ತಗೊಂಡವರಲ್ಲಿ ಸೋಂಕು ಇಲ್ಲದೆಯೂ ಏರಬಹುದು.

ಇನ್ನೊಂದು ಮಾತು. ನಮ್ಮ ಕಡೆ "ಡೆಂಗಿನೂ ಇದೆ, ಟೈಫಾಯ್ಡೂ ಇದೆ" ಎಂದು ಬಹಳ ಜನ ಹೇಳುತ್ತಾರೆ. ಹೆಚ್ಚಿನ ಸಲ ಅದು ಒಂದೇ ಬಾರಿ ಮಾಡಿಸಿದ ವಿಡಾಲ್ ಪರೀಕ್ಷೆಯ ಮಾತು. ಹಿಂದೆ ಯಾವಾಗಲೋ ಸೋಂಕು ಆಗಿದ್ದರೂ ವಿಡಾಲ್ "ಇದೆ" ಎಂದು ತೋರಿಸಬಹುದು. ವೈರಸ್ ಜ್ವರಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಬ್ಯಾಕ್ಟೀರಿಯಾದ ಸೋಂಕು ಇದೆ ಎಂದು ವೈದ್ಯರಿಗೆ ಅನ್ನಿಸಿದರೆ ಅವರೇ ಬರೆದುಕೊಡುತ್ತಾರೆ. ಮೆಡಿಕಲ್ ಸ್ಟೋರಿಗೆ ಹೋಗಿ ನಾವೇ ಕೇಳಿ ತಗೊಳ್ಳುವುದು ಬೇಡ.

3. ಪ್ಲೇಟ್‌ಲೆಟ್: ಹೆದರಿಕೆಯ ಅಂಕಿ

ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳಿವು. ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕು, ನಾಲ್ಕೂವರೆ ಲಕ್ಷ. ಒಂದೊಂದು ಲ್ಯಾಬ್ ಒಂದೊಂದು ರೀತಿ ಬರೆಯುತ್ತದೆ. 1.2 ಲಕ್ಷ ಎಂದರೂ 120 ಸಾವಿರ ಎಂದರೂ 1,20,000 ಎಂದರೂ ಒಂದೇ. ಒಂದು ಚೀಟಿಯಲ್ಲಿ 1.2, ಇನ್ನೊಂದರಲ್ಲಿ 110 ನೋಡಿ "ಏರಿತು" ಎಂದು ಸಂತೋಷಪಟ್ಟವರೂ, ತದ್ವಿರುದ್ಧವಾಗಿ ಗಾಬರಿ ಬಿದ್ದವರೂ ಇದ್ದಾರೆ.

ಡೆಂಗಿ ಅಂದ ತಕ್ಷಣ ನಮ್ಮ ಜನ ಕೇಳುವುದು ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟಿದೆ?" 50 ಸಾವಿರಕ್ಕೆ ಇಳಿದರೆ ಸಾಕು, ರಕ್ತದಾನಿಗಳಿಗೆ ಫೋನ್, ಸಂಘದಿಂದ ತುರ್ತು ಸಾಲ, ಓಲೆ ಗಿರವಿ. ಆದರೆ ರಕ್ತಸ್ರಾವ ಇಲ್ಲದಿದ್ದರೆ ಪ್ಲೇಟ್‌ಲೆಟ್ 10 ಸಾವಿರಕ್ಕಿಂತ ಕೆಳಗೆ ಇಳಿದಾಗ ಮಾತ್ರ ಹಾಕುವ ಬಗ್ಗೆ ಯೋಚಿಸಬೇಕು ಎಂದು ನಮ್ಮ ದೇಶದ ಡೆಂಗಿ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. ರಕ್ತಸ್ರಾವ ಇದ್ದರೆ ಮಾತು ಬೇರೆ, ಅದನ್ನು ವೈದ್ಯರು ನಿರ್ಧರಿಸುತ್ತಾರೆ. ಕಾಯಿಲೆ ಇಳಿಮುಖವಾದ ಮೇಲೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಪಪ್ಪಾಯಿ ಎಲೆ ರಸವನ್ನೇ ನಂಬಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ. ಅದನ್ನು ಕುಡಿದು ವಾಂತಿಯಾದರೆ ದೇಹದಲ್ಲಿರುವ ನೀರೂ ಹೋಗುತ್ತದೆ.

ಹಾಗಾದರೆ ಪ್ಲೇಟ್‌ಲೆಟ್ ನೋಡಲೇಬಾರದೇ? ನೋಡಬೇಕು. ಆದರೆ ಒಂಟಿಯಾಗಿ ನೋಡಬಾರದು. ಅದರ ಜೊತೆಗೆ ನೋಡಬೇಕಾದ ಅಂಕಿ ಪಿಸಿವಿ.

4. ಪಿಸಿವಿ: ಯಾರೂ ಕೇಳದ ಅಂಕಿ

ಕೆಲವು ಚೀಟಿಗಳಲ್ಲಿ ಹೆಮಟೋಕ್ರಿಟ್ ಎಂದಿರುತ್ತದೆ. ನೂರು ಪಾಲು ರಕ್ತದಲ್ಲಿ ಕೆಂಪು ಕಣ ಎಷ್ಟು ಪಾಲು ಎಂಬ ಲೆಕ್ಕ ಇದು. ಉಳಿದದ್ದು ಹೆಚ್ಚುಕಡಿಮೆ ನೀರಿನ ಭಾಗ, ಅದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಸುಮಾರಾಗಿ ಹಿಮೋಗ್ಲೋಬಿನ್ ಅನ್ನು ಮೂರರಿಂದ ಗುಣಿಸಿದರೆ ಪಿಸಿವಿ ಬರುತ್ತದೆ. ಹಿಮೋಗ್ಲೋಬಿನ್ 12 ಇದ್ದರೆ ಪಿಸಿವಿ 36ರ ಹತ್ತಿರ.

ತೀವ್ರ ಡೆಂಗಿಯಲ್ಲಿ ಸಣ್ಣ ರಕ್ತನಾಳಗಳ ಗೋಡೆ ಸೋರತೊಡಗುತ್ತದೆ. ನೀರಿನ ಭಾಗ ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ ಸೇರುತ್ತದೆ. ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ. ಒಲೆಯ ಮೇಲಿಟ್ಟ ಸಾರು ಬತ್ತಿದರೆ ಉಪ್ಪು ಜಾಸ್ತಿ ಅನ್ನಿಸುತ್ತದಲ್ಲ, ಹಾಗೆ. ಉಪ್ಪು ಹೆಚ್ಚಾಗಿಲ್ಲ, ನೀರು ಕಡಿಮೆಯಾಗಿದೆ. ನಮ್ಮ ಸಹೋದರಿಗೆ ಆದದ್ದೂ ಇದೇ. ದಾಳಿಂಬೆಯಿಂದ ರಕ್ತ ಹೆಚ್ಚಾಗಿರಲಿಲ್ಲ, ರಕ್ತದಿಂದ ನೀರು ಸೋರಿ ಹೋಗಿತ್ತು. ಮೂರು ದಿನದಲ್ಲಿ ಹಿಮೋಗ್ಲೋಬಿನ್ 9ರಿಂದ 12ಕ್ಕೆ ಏರಿಸುವ ಹಣ್ಣು ಯಾವುದೂ ಇಲ್ಲ. ಹೀಗೆ ಸೋರಿಕೆ ಹೆಚ್ಚಿದರೆ ಬಿಪಿ ಕುಸಿಯುತ್ತದೆ, ಕೈಕಾಲು ತಣ್ಣಗಾಗುತ್ತದೆ. ಡೆಂಗಿಯಲ್ಲಿ ಸಾವು ಹೆಚ್ಚಾಗಿ ಆಗುವುದು ಈ ದಾರಿಯಲ್ಲಿ.

ಪಿಸಿವಿ ಮೊದಲಿಗಿಂತ ಐದನೇ ಒಂದು ಪಾಲು, ಅಂದರೆ ಶೇಕಡಾ 20 ಏರಿದರೆ ಸೋರಿಕೆ ಆಗುತ್ತಿದೆ ಎಂಬುದಕ್ಕೆ ಅದು ದೊಡ್ಡ ಗುರುತು. 30 ಇದ್ದವರಿಗೆ 36 ಅಂದರೆ ಆ ಗೆರೆ ಮುಟ್ಟಿದಂತೆ. ನಮ್ಮ ಸಹೋದರಿಗೆ 38 ಆಗಿತ್ತು. ಆದರೆ ಅಷ್ಟು ಏರುವ ತನಕ ಕಾಯಬಾರದು. ಪಿಸಿವಿ ಏರುತ್ತಾ, ಪ್ಲೇಟ್‌ಲೆಟ್ ವೇಗವಾಗಿ ಇಳಿಯುತ್ತಾ ಇದ್ದರೆ ಅದೇ ಎಚ್ಚರಿಕೆ.

ಇಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ವಿಶೇಷ ಮಾತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತಹೀನತೆ ಇರುವವರ ಪಿಸಿವಿ ಮೊದಲೇ ಕಡಿಮೆ. ಅವರಿಗೆ 38 ಬಂದಾಗ ಲ್ಯಾಬ್‌ನ ಚೀಟಿಯಲ್ಲಿ ಅದು "ನಾರ್ಮಲ್" ಸಾಲಿನಲ್ಲೇ ಇರುತ್ತದೆ, ಕೆಂಪು ಗುರುತು ಬೀಳುವುದಿಲ್ಲ. ಲ್ಯಾಬ್‌ಗೆ ಅದು ನಾರ್ಮಲ್, ಆ ತಾಯಿಗೆ ಅಲ್ಲ. ಬಸುರಿಯರಿಗೂ ಇದೇ ಮಾತು. ಆದ್ದರಿಂದ ನಿಮ್ಮ ಅಂಕಿಯನ್ನು ಪುಸ್ತಕದ ಅಂಕಿಯ ಜೊತೆ ಮಾತ್ರ ಹೋಲಿಸಬೇಡಿ, ನಿಮ್ಮದೇ ಹಳೆಯ ಅಂಕಿಯ ಜೊತೆ ಹೋಲಿಸಿ. ಮೊದಲ ಚೀಟಿಯನ್ನು ಬಿಸಾಡಬೇಡಿ.

ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ರೋಗಿ ಸುಸ್ತಾಗುತ್ತಾ ಹೋಗುತ್ತಿದ್ದು ಪಿಸಿವಿ ದಿಢೀರನೆ ಇಳಿದರೆ ಒಳಗೆಲ್ಲೋ ರಕ್ತಸ್ರಾವ ಆಗುತ್ತಿರಬಹುದು. ರೋಗಿ ಗೆಲುವಾಗುತ್ತಾ, ಹಸಿವು ಬರುತ್ತಾ, ಪಿಸಿವಿ ಮೊದಲಿನ ಮಟ್ಟಕ್ಕೆ ಇಳಿದರೆ ಸೋರಿದ ನೀರು ವಾಪಸ್ ಬಂದಿದೆ ಎಂದು ಅರ್ಥ. ಅಂಕಿ ಒಂದೇ, ಅರ್ಥ ಬೇರೆ. ಅದಕ್ಕೇ ಚೀಟಿಯ ಜೊತೆ ರೋಗಿಯನ್ನೂ ನೋಡಬೇಕು.

5. ದಿನದ ಲೆಕ್ಕ

- 1ರಿಂದ 3ನೇ ದಿನ: ಜೋರು ಜ್ವರ, ಮೈಕೈ ನೋವು. ಮೊದಲ ಚೀಟಿ ನಾರ್ಮಲ್ ಇರಬಹುದು. ಅದನ್ನು ನೋಡಿ ನಿಶ್ಚಿಂತರಾಗಬೇಡಿ.
- 3ರಿಂದ 7ನೇ ದಿನ: ಈ ಮಧ್ಯೆ ಜ್ವರ ಬಿಡುತ್ತದೆ. ಜ್ವರ ಬಿಡುವ ಹೊತ್ತಿನಿಂದ ಮುಂದಿನ 24ರಿಂದ 48 ಗಂಟೆ ಅತ್ಯಂತ ಎಚ್ಚರದ ಸಮಯ. ವೈದ್ಯರು ಹೇಳಿದಂತೆ ಸಿಬಿಸಿ ಮತ್ತೆ ಮಾಡಿಸಬೇಕು.
- ಆಮೇಲೆ: ಹಸಿವು ಬರುತ್ತದೆ, ಮೂತ್ರ ಚೆನ್ನಾಗಿ ಹೋಗುತ್ತದೆ, ಬಿಳಿ ಕಣ ಮೊದಲು, ಪ್ಲೇಟ್‌ಲೆಟ್ ನಂತರ ಏರುತ್ತವೆ. ಈ ಹಂತದಲ್ಲಿ "ಇನ್ನೊಂದು ಬಾಟ್ಲು ಡ್ರಿಪ್ ಹಾಕಿ" ಎಂದು ಒತ್ತಾಯ ಮಾಡಬೇಡಿ. ನೀರು ಹೆಚ್ಚಾಗಿ ಉಸಿರಾಟಕ್ಕೆ ತೊಂದರೆಯಾಗಬಹುದು.

ಬಹುತೇಕರಿಗೆ ಡೆಂಗಿ ಮನೆಯಲ್ಲೇ ವಾಸಿಯಾಗುತ್ತದೆ. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಧಾರಾಳವಾಗಿ ಕೊಡಿ. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ಮೈಕೈ ನೋವಿಗೆ ಇಂಜೆಕ್ಷನ್ನೂ ಬೇಡ. ಅವು ರಕ್ತಸ್ರಾವ ಹೆಚ್ಚಿಸಬಹುದು.

6. ಚೀಟಿ ಏನೇ ಹೇಳಲಿ, ಇವು ಕಂಡರೆ ಆಸ್ಪತ್ರೆಗೆ

- ಬಿಡದ ಹೊಟ್ಟೆನೋವು
- ಮತ್ತೆ ಮತ್ತೆ ವಾಂತಿ
- ವಸಡು, ಮೂಗಿನಲ್ಲಿ ರಕ್ತ, ಕಪ್ಪು ಮಲ, ಮುಟ್ಟಿನಲ್ಲಿ ವಿಪರೀತ ಸ್ರಾವ
- ಉಸಿರಾಡಲು ಕಷ್ಟ, ಹೊಟ್ಟೆ ಉಬ್ಬುವುದು
- ಮಂಕು, ವಿಪರೀತ ಸುಸ್ತು, ಚಡಪಡಿಕೆ, ತಣ್ಣನೆಯ ಕೈಕಾಲು
- ಆರು ಗಂಟೆಯಿಂದ ಮೂತ್ರ ಹೋಗದೆ ಇರುವುದು

ಬಸುರಿಯರು, ಎಳೆಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇಷ್ಟರ ತನಕ ಕಾಯದೆ ಮೊದಲೇ ವೈದ್ಯರನ್ನು ಕಾಣಬೇಕು. ತುರ್ತಿಗೆ 108ಕ್ಕೆ ಫೋನ್ ಮಾಡಿ.

7. ಬೇರೆ ವೈರಸ್‌ಗಳೂ ಇದೇ ಪಾಠ ಹೇಳುತ್ತವೆ

2020-21ರ ಕೋವಿಡ್ ದಿನಗಳನ್ನು ನೆನಪು ಮಾಡಿಕೊಳ್ಳಿ. ಮೂಗಿನ ಪರೀಕ್ಷೆ ವೈರಸ್ ಇದೆಯೇ ಇಲ್ಲವೇ ಎಂದು ಹೇಳುತ್ತಿತ್ತು. ಕಾಯಿಲೆ ಎಷ್ಟು ಗಂಭೀರ ಎಂದು ಅಳೆಯಲು ವೈದ್ಯರು ರಕ್ತವನ್ನೂ ನೋಡುತ್ತಿದ್ದರು. ಬಿಳಿ ಕಣಗಳಲ್ಲಿ ಲಿಂಫೋಸೈಟ್ ಎಂಬ ಬಗೆ ತೀರಾ ಕಡಿಮೆಯಾಗುವುದು, ಉರಿಯೂತ ತೋರಿಸುವ ಸಿಆರ್‌ಪಿ ಏರುವುದು ಕೆಟ್ಟ ಲಕ್ಷಣಗಳಾಗಿದ್ದವು. ಆಗಲೂ ಬೆರಳಿಗೆ ಹಾಕುವ ಆಕ್ಸಿಮೀಟರ್‌ನ ಅಂಕಿ, ರೋಗಿಯ ಉಸಿರು, ಇವುಗಳ ಜೊತೆಗೆ ಸೇರಿಸಿ ನೋಡಿದರೆ ಮಾತ್ರ ಅರ್ಥ.

ಕಾಮಾಲೆಯೂ ಹಾಗೆಯೇ. ಕುಡಿಯುವ ನೀರಿಗೆ ಕೊಳಚೆ ಸೇರಿದಾಗ ಹೆಪಟೈಟಿಸ್ ಎ, ಇ ವೈರಸ್‌ಗಳು ಹರಡುತ್ತವೆ. ಎಸ್‌ಜಿಪಿಟಿ ಸಾವಿರ ದಾಟಿದೆ ಎಂದು ಮನೆಯವರು ಅಳುತ್ತಾರೆ. ಆದರೆ ಲಿವರ್ ಸೋಲುತ್ತಿದೆಯೇ ಎಂದು ಹೇಳುವುದು ಮುಖ್ಯವಾಗಿ ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ. ಚೀಟಿಯಲ್ಲಿ ಅದನ್ನು ಪಿಟಿ, ಐಎನ್‌ಆರ್ ಎಂದು ಬರೆಯುತ್ತಾರೆ. ರೋಗಿ ತಡಬಡಿಸಿ ಮಾತಾಡಿದರೆ, ಹಗಲೆಲ್ಲ ಮಂಪರಿನಲ್ಲಿದ್ದರೆ ತಡ ಮಾಡಬಾರದು. ಇಲ್ಲೂ ಹೆದರಿಸುವ ಅಂಕಿ ಒಂದು, ನೋಡಬೇಕಾದ ಅಂಕಿ ಇನ್ನೊಂದು.

8. ಎಲ್ಲಿ ಮಾಡಿಸುವುದು?

ಹತ್ತಿರದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಇಎಸ್‌ಐ ಕಾರ್ಡ್ ಇರುವ ಗಾರ್ಮೆಂಟ್ಸ್ ಸಹೋದರಿಯರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ಕೆ.ಆರ್. ಮಾರುಕಟ್ಟೆ ಬಳಿಯ ವಿಕ್ಟೋರಿಯಾ ಆಸ್ಪತ್ರೆ ಸರ್ಕಾರದವು. 2024ರಲ್ಲಿ ಡೆಂಗಿ ಬಹಳ ಹೆಚ್ಚಾದಾಗ, ಜುಲೈ ತಿಂಗಳಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಎನ್‌ಎಸ್-1 ಎಲಿಸಾಗೆ 300, ಐಜಿಎಂ ಎಲಿಸಾಗೆ 300 ರೂಪಾಯಿ ದರ ನಿಗದಿ ಮಾಡಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ದುಡ್ಡು ಕೊಡುವ ಮೊದಲು ದರ ಕೇಳಿ, ರಸೀದಿ ಪಡೆಯಿರಿ. ಕೇಳುವುದು ನಮ್ಮ ಹಕ್ಕು.

ಸಂಘದಲ್ಲಿ ನಾವು ಏನು ಮಾಡೋಣ?

1. ಪ್ರತಿ ಮನೆಯಲ್ಲೂ ಪಾಸ್‌ಬುಕ್ ಇಡುವ ಹಾಗೆ ಒಂದು ಕವರಿನಲ್ಲಿ ಎಲ್ಲರ ರಕ್ತ ಪರೀಕ್ಷೆಯ ಚೀಟಿಗಳನ್ನು ತಾರೀಖಿನ ಪ್ರಕಾರ ಇಡಿ.
2. ಜ್ವರ ಬಂದವರ ಚೀಟಿಯ ಹಿಂದೆ "ಜ್ವರದ ಎಷ್ಟನೇ ದಿನ" ಎಂದು ಪೆನ್ನಿನಲ್ಲಿ ಬರೆಯಿರಿ.
3. ಜ್ವರ ಬಿಟ್ಟ ಮೇಲೆ ಎರಡು ದಿನ ಸಂಘದ ಒಬ್ಬರು ಆ ಮನೆಗೆ ಬೆಳಿಗ್ಗೆ, ಸಂಜೆ ಹೋಗಿ ನೋಡಿ ಬನ್ನಿ.
4. ಕೆಲಸದ ಮನೆಯವರ ಜೊತೆ ಸಂಘದ ಪರವಾಗಿ ಮಾತಾಡಿ. ಆ ಎರಡು ದಿನ ರಜೆ ಸಿಗಬೇಕು, ಕೆಲಸ ಹೋಗಬಾರದು.
5. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಕಡೆ ಡ್ರಮ್ಮು, ಸಂಪು ತಪ್ಪಿದ್ದಲ್ಲ. ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆ ಉಜ್ಜಿ, ಒಣಗಿಸಿ, ಮುಚ್ಚಿಡಿ. ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲಿ, ಮೊಟ್ಟೆ ಇಡುವುದು ಶುದ್ಧ ನೀರಿನಲ್ಲಿ.

ಚರ್ಚೆಗೆ ಪ್ರಶ್ನೆಗಳು

- ನಿಮ್ಮ ಮನೆಯಲ್ಲಿ ಹಿಂದಿನ ಜ್ವರದ ಚೀಟಿ ಇದೆಯೇ? ನಿಮ್ಮ ಹಿಮೋಗ್ಲೋಬಿನ್, ಪಿಸಿವಿ ಎಷ್ಟು?
- ಪಿಸಿವಿ 33 ಇದ್ದವರಿಗೆ ಎಷ್ಟು ಆದರೆ ಐದನೇ ಒಂದು ಪಾಲು ಏರಿದಂತೆ? ಲೆಕ್ಕ ಹಾಕಿ.
- ಜ್ವರ ಬಿಟ್ಟ ಮರುದಿನವೇ ಕೆಲಸಕ್ಕೆ ಹೋದವರು ನಮ್ಮಲ್ಲಿ ಎಷ್ಟು ಮಂದಿ? ಯಾಕೆ ಹೋಗಬೇಕಾಯಿತು?

ಆ ಸಹೋದರಿ ಈಗ ಸಂಘದ ಸಭೆಗೆ ಬರುವಾಗ ತಮ್ಮ ಎರಡೂ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ತರುತ್ತಾರೆ. ಹೊಸದಾಗಿ ಸೇರಿದವರಿಗೆ ತೋರಿಸಿ, "ಇದು ಮೂವತ್ತು, ಇದು ಮೂವತ್ತೆಂಟು. ರಕ್ತ ಜಾಸ್ತಿ ಆಗಿದೆ ಅಂತ ಖುಷಿಪಟ್ಟಿದ್ವಿ ನೋಡಿ" ಎಂದು ನಗುತ್ತಾರೆ. ನಾವೂ ಜೊತೆಯಲ್ಲಿ ನಗುತ್ತೇವೆ. ಆದರೆ ಆ ದಿನ ತಲೆಯಾಡಿಸಿ ಮನೆಯಿಂದ ಹೊರಟು ಬಂದದ್ದನ್ನು ನಾವು ಮರೆತಿಲ್ಲ. ಇನ್ನೊಂದು ಮನೆಯಲ್ಲಿ ಹಾಗಾಗಬಾರದು ಎಂದೇ ಇಷ್ಟು ಬರೆದೆವು.